ಸಂಬಳದ ಬಿಲ್ಲಿನಲ್ಲಿ ಮಗುವಿನ ಪಾಲು

ಸರ್ಕಾರಿ ಕಚೇರಿಯೊಂದರಲ್ಲಿ ನಾನು ವೇತನದ ಬಿಲ್ಲು ಸಿದ್ಧಪಡಿಸುತ್ತಿದ್ದ ದಿನಗಳಲ್ಲಿ, ನೌಕರರೊಬ್ಬರ ಮಗುವಿನ ಜೀವನಾಂಶಕ್ಕಾಗಿ ಅವರ ಸಂಬಳದಿಂದ ಹಣ ಹಿಡಿಯುವಂತೆ ನ್ಯಾಯಾಲಯ ಕಳುಹಿಸಿದ್ದ ಜಪ್ತಿ ಆದೇಶವು ಎರಡು ತಿಂಗಳು ಕಡತದೊಳಗೇ ಉಳಿದದ್ದನ್ನು ಕಣ್ಣಾರೆ ಕಂಡೆ. ಅದು ಅವರ ಮನೆಯ ವಿಷಯ ಎಂದು ಹಿರಿಯರೊಬ್ಬರು ಹೇಳಿದಾಗ ಸುಮ್ಮನಿದ್ದದ್ದು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಕಾನೂನು ಅದನ್ನು ಮನೆಯ ವಿಷಯವೆಂದು ಬಿಟ್ಟಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 48ನೇ ನಿಯಮದಂತೆ, ಸರ್ಕಾರಿ ನೌಕರನ ಸಂಬಳವನ್ನು ಜಪ್ತಿ ಮಾಡಿದ ಆದೇಶ ತಲುಪಿದ ಮೇಲೆ ವೇತನ ಬಟವಾಡೆ ಅಧಿಕಾರಿಯು ಆ ಮೊತ್ತವನ್ನು ತಡೆಹಿಡಿದು ನ್ಯಾಯಾಲಯಕ್ಕೆ ರವಾನಿಸಲೇಬೇಕು. ಅದನ್ನು ಮೀರಿ ನೌಕರನಿಗೇ ಪಾವತಿಸಿದರೆ, ಆ ಹಣಕ್ಕೆ ಸರ್ಕಾರವೇ ಹೊಣೆಯಾಗುತ್ತದೆ. ಸಾಮಾನ್ಯ ಸಾಲದ ಡಿಕ್ರಿಯಲ್ಲಿ, ಅಂದರೆ ನ್ಯಾಯಾಲಯದ ತೀರ್ಪಿನ ಆದೇಶದಲ್ಲಿ, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗಕ್ಕೆ ಜಪ್ತಿಯಿಂದ ರಕ್ಷಣೆ ಇದ್ದರೆ, ಜೀವನಾಂಶದ ಡಿಕ್ರಿಯಲ್ಲಿ ಅದೇ ಸಂಹಿತೆಯ 60ನೇ ಕಲಮು ರಕ್ಷಿಸುವುದು ಮೂರನೇ ಒಂದು ಭಾಗವನ್ನು ಮಾತ್ರ. ಮಗುವಿನ ಅನ್ನವನ್ನು ಸಾಲ ಕೊಟ್ಟವನ ಬಾಕಿಗಿಂತ ಮೇಲಿಟ್ಟ ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ.

2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 20ನೇ ಕಲಮಿನಡಿ, ಹಣ ಕೊಡದವನ ಉದ್ಯೋಗದಾತರೇ ಸಂಬಳದ ಒಂದು ಭಾಗವನ್ನು ನೊಂದ ಮಹಿಳೆಗೆ ನೇರವಾಗಿ ಪಾವತಿಸುವಂತೆ ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು. ಜೀವನಾಂಶದ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿಗೊಳಿಸಬಹುದೆಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಇಂಥ ಆದೇಶ ಬಂದ ದಿನವೇ ಅದನ್ನು ದಾಖಲಿಸಿ, ಮುಂದಿನ ಬಿಲ್ಲಿನಲ್ಲೇ ಕಡಿತ ಮಾಡಿ, ನೌಕರನು ವರ್ಗವಾದರೆ ಹೊಸ ಕಚೇರಿಗೆ ಕಳುಹಿಸುವ ಕೊನೆಯ ವೇತನ ಪ್ರಮಾಣಪತ್ರದಲ್ಲಿ ತಪ್ಪದೆ ನಮೂದಿಸಿ ಎಂದು ಈಗ ಆ ಕುರ್ಚಿಯಲ್ಲಿರುವವರನ್ನು ಕೇಳಿಕೊಳ್ಳುತ್ತೇನೆ.