ಗೆಡ್ಡನ್ ಹತ್ರ ಲೆಕ್ಕದ ಪುಸ್ತಕ ಇಲ್ಲ, ಚಿಕ್ಕಮ್ಮನ ಹತ್ರ ಇದೆ

ಮೇ 2020. ಲಾಕ್‌ಡೌನ್ ಅಂತ ಬೆಂಗಳೂರಿನ ರೂಮಿಗೆ ಬೀಗ ಹಾಕಿ ತುಮಕೂರಿನ ಮನೆಗೆ ಬಂದು ಕೂತಿದ್ದೆ. ಹಗಲು ಆಫೀಸ್ ಕೆಲಸ, ಬುಧವಾರ ರಾತ್ರಿ ಹನ್ನೊಂದೂವರೆಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಆಟ. ಆ ಹೊತ್ತು ಯಾಕೆ ಅಂದ್ರೆ ನಮ್ಮ ಗಿಲ್ಡ್, ಅಂದ್ರೆ ಒಟ್ಟಿಗೆ ಆಡೋ ತಂಡ, ಇದ್ದಿದ್ದು ಯೂರೋಪ್ ಸರ್ವರಲ್ಲಿ, ಅವರಿಗೆ ಅದು ರಾತ್ರಿ ಎಂಟು ಗಂಟೆ, ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗಂತೂ ನಮಗೆ ಹನ್ನೆರಡೂವರೆ ಆಗ್ತಿತ್ತು. ಅಮ್ಮ ನೀರು ಕುಡಿಯೋಕೆ ಎದ್ದವರು ನಾನು ಹೆಡ್‌ಸೆಟ್ ಹಾಕ್ಕೊಂಡು ಕತ್ತಲಲ್ಲಿ ಪಿಸುಪಿಸು ಇಂಗ್ಲಿಷ್ ಮಾತಾಡೋದು ನೋಡಿ ಅಮೆರಿಕ ಕ್ಲೈಂಟ್ ಕಾಲ್ ಅಂದ್ಕೊಂಡಿದ್ರು, ನಾನೂ ತಿದ್ದೋಕೆ ಹೋಗ್ಲಿಲ್ಲ.

ಆಟ ಗೊತ್ತಿಲ್ದೋರಿಗೆ ಒಂದೆರಡು ಮಾತು. ಮೋಲ್ಟನ್ ಕೋರ್ ಅಂತ ಒಂದು ಗುಹೆ, 40 ಜನದ ತನಕ ಒಟ್ಟಿಗೆ ಹೋಗ್ಬಹುದು (ಇದಕ್ಕೆ ರೇಡ್ ಅಂತಾರೆ), ಒಳಗೆ ಹತ್ತು ಬಾಸ್‌ಗಳು, ಅಂದ್ರೆ ದೊಡ್ಡ ರಾಕ್ಷಸರು, ವಾರಕ್ಕೆ ಒಂದೇ ಸಲ ಹೊಡೀಬಹುದು. ಗಾರ್ ಅನ್ನೋ ಬಾಸ್ ಹತ್ರ ಒಂದು ಬೈಂಡಿಂಗ್ (ಕತ್ತಿಗೆ ಬೇಕಾದ ತುಂಡು), ಬ್ಯಾರನ್ ಗೆಡ್ಡನ್ ಹತ್ರ ಇನ್ನೊಂದು, ಎರಡೂ ಒಬ್ಬನ ಹತ್ರಾನೇ ಸೇರಿದ್ರೆ ಥಂಡರ್‌ಫ್ಯೂರಿ ಅನ್ನೋ ಕತ್ತಿ ಮಾಡ್ಬಹುದು. ಒಬ್ಬ ತಗೊಂಡ ಬೈಂಡಿಂಗ್ ಅವನಿಗೇ ಅಂಟ್ಕೊಳತ್ತೆ, ಇನ್ನೊಬ್ಬರಿಗೆ ಕೊಡೋಕಾಗಲ್ಲ. ಡ್ರಾಪ್ ಆಗೋ, ಅಂದ್ರೆ ಬಾಸ್ ಸತ್ತಾಗ ಅದು ಸಿಗೋ, ಚಾನ್ಸ್ ಆಟಗಾರರು ಲೆಕ್ಕ ಇಟ್ಟ ಪ್ರಕಾರ ನೂರಕ್ಕೆ ಮೂರು ನಾಲ್ಕು. ನಾನು ನಾಲ್ಕು ಅಂತಾನೇ ಹಿಡೀತೀನಿ, ಲೆಕ್ಕ ಸುಲಭ, ಮನಸ್ಸಿಗೂ ಸ್ವಲ್ಪ ಸಮಾಧಾನ.

ನಾವು 2019ರ ಅಕ್ಟೋಬರಿಂದ ಹೊಡೀತಿದ್ವಿ. ಮೂರನೇ ವಾರದಲ್ಲೇ ಗಾರ್ ತನ್ನ ಬೈಂಡಿಂಗ್ ಕೊಟ್ಟ. ಆಮೇಲೆ ಗೆಡ್ಡನ್ ಮುಂದೆ ಕಾಯೋದು ಶುರುವಾಯ್ತು ನೋಡಿ, ಹತ್ತು ವಾರ, ಇಪ್ಪತ್ತು ವಾರ, ಮೂವತ್ತು ವಾರ ಆದ್ರೂ ಇಲ್ಲ. ವಾಯ್ಸ್ ಚಾಟಲ್ಲಿ ಎರಡು ಪಾರ್ಟಿ ಆಯ್ತು. ಒಂದು ಪಾರ್ಟಿದು "ಇಷ್ಟು ದಿನ ಕೊಟ್ಟಿಲ್ಲ, ಇನ್ನು ಕೊಡ್ಲೇಬೇಕು" ಅನ್ನೋ ವಾದ, ಇನ್ನೊಂದು "ಇದು ಬಗ್, ನಮ್ಮ ಗಿಲ್ಡಿಗೆ ಶಾಪ" ಅಂತ. ರೇಡ್ ಒಳಗೆ ಮೊದಲು ಕಾಲಿಟ್ಟವನ ಕ್ಲಾಸ್ (ಯೋಧನೋ, ಮಾಂತ್ರಿಕನೋ ಅನ್ನೋದು) ನೋಡ್ಕೊಂಡು ಲೂಟ್, ಅಂದ್ರೆ ಸಿಗೋ ಸಾಮಾನು, ತೀರ್ಮಾನ ಆಗತ್ತೆ ಅನ್ನೋ ಮೂಢನಂಬಿಕೆ ಈ ಆಟದಲ್ಲಿ ಮೊದಲಿಂದ ಇದೆ, ನಾವೂ ಒಂದು ವಾರ ಪ್ಯಾಲಡಿನ್‌ನ ಮುಂದೆ ಬಿಟ್ವಿ, ಒಂದು ವಾರ ಮೇಜ್‌ನ, ಒಂದು ವಾರ ನನ್ನನ್ನೇ. ಲಕ್ಕಿ ಚೀಟಿ ಎತ್ತೋಕೆ ಮನೆಯ ಚಿಕ್ಕ ಮಗೂನ ಕರೀತಾರಲ್ಲ, ಅದೇ ಕಥೆ.

ಎರಡೂ ಪಾರ್ಟಿದೂ ತಪ್ಪು, ಇದಕ್ಕೆ ಡಿಗ್ರಿ ಬೇಡ, ಮೊಬೈಲ್ ಕ್ಯಾಲ್ಕ್ಯುಲೇಟರ್ ಸಾಕು. ಒಂದು ವಾರ ಸಿಗದೇ ಇರೋ ಸಂಭವನೀಯತೆ 0.96. ಮೂವತ್ತು ವಾರ ಸಿಗದೇ ಇರೋದು ಅಂದ್ರೆ 0.96ನ ಮೂವತ್ತು ಸಲ ಗುಣಿಸೋದು, ಬರೋದು 0.29. ನೂರು ಗಿಲ್ಡ್ ಮೂವತ್ತು ವಾರ ಹೊಡೆದ್ರೆ ಅದ್ರಲ್ಲಿ ಇಪ್ಪತ್ತೊಂಬತ್ತು ಗಿಲ್ಡ್ ನಮ್ಮ ಥರಾನೇ ಬರಿಗೈ. ಇದಕ್ಕೆ ಶಾಪ ಯಾಕೆ ಬೇಕು? 52 ವಾರ ಅಂದ್ರೆ ವರ್ಷ ಪೂರ್ತಿ ಹೊಡೆದ್ರೂ ಸುಮಾರು 12 ಗಿಲ್ಡಿಗೆ ಸಿಕ್ಕಿರಲ್ಲ. ಇನ್ನು "ಕೊಡ್ಲೇಬೇಕು" ಪಾರ್ಟಿಯವರ ವಿಷಯಕ್ಕೆ ಬಂದ್ರೆ, ಮೂವತ್ತೊಂದನೇ ವಾರದ ಚಾನ್ಸೂ ಅದೇ ನಾಲ್ಕು ಪರ್ಸೆಂಟ್, ಮೊದಲನೇ ವಾರ ಎಷ್ಟಿತ್ತೋ ಅಷ್ಟೇ. ಗೆಡ್ಡನ್ ಪ್ರತಿ ಬುಧವಾರ ಹೊಸದಾಗಿ ಹುಟ್ಟಿ ಬರ್ತಾನೆ, ಹಿಂದಿನ ಮೂವತ್ತು ವಾರ ನಾವು ಅವನಿಗೆ ಹೊಡೆದಿದ್ದು ಅವನಿಗೆ ಗೊತ್ತೇ ಇಲ್ಲ, ಯಾರಿಗೆ ಎಷ್ಟು ಬಾಕಿ ಅಂತ ಬರೆದಿಡೋ ಪುಸ್ತಕ ಅವನ ಹತ್ರ ಇಲ್ಲ.

ಎರಡು ಬೈಂಡಿಂಗೂ ಬೇಕು ಅಂದಾಗ ಲೆಕ್ಕ ಇನ್ನೂ ಮಜಾ. ಒಂದಕ್ಕೆ ಸರಾಸರಿ 25 ವಾರ. ಹಂಗಾದ್ರೆ ಎರಡಕ್ಕೆ 50 ಅಂತೀರಾ? ಅಲ್ಲ, ಎರಡೂ ಬಾಸ್‌ನ ಒಂದೇ ರಾತ್ರಿ ಹೊಡೀತೀವಲ್ಲ, ಹಂಗಾಗಿ ಕೆಲವು ವಾರ ಎರಡು ಕಾಯುವಿಕೆಗೂ ಒಟ್ಟಿಗೇ ಲೆಕ್ಕಕ್ಕೆ ಬರತ್ತೆ, ಸರಾಸರಿ ಹೆಚ್ಚುಕಡಿಮೆ 37 ವಾರ. ಎಷ್ಟೋ ಗಿಲ್ಡ್‌ಗಳಿಗೆ ಕತ್ತಿ ಆಗೋದು ಅಷ್ಟು ಹೊತ್ತಿಗೆ. ಆದ್ರೆ ಸರ್ವರಲ್ಲಿ ನೂರು ಗಿಲ್ಡ್ ಇದೆ ಅಂದ್ಕೊಳಿ, ಮೊದಲನೇ ವಾರದಲ್ಲೇ ಯಾವುದೋ ಒಂದು ಗಿಲ್ಡಿಗಾದ್ರೂ ಎರಡೂ ಒಂದೇ ರಾತ್ರಿ ಬೀಳೋ ಚಾನ್ಸ್ ಸುಮಾರು 15 ಪರ್ಸೆಂಟ್. ಆ ಒಂದು ಗಿಲ್ಡ್ ಸ್ಕ್ರೀನ್‌ಶಾಟ್ ಹಾಕತ್ತೆ, ಮಿಕ್ಕ ತೊಂಬತ್ತೊಂಬತ್ತು ಗಿಲ್ಡ್ ಖಾಲಿ ಹೆಣದ ಸ್ಕ್ರೀನ್‌ಶಾಟ್ ಹಾಕಲ್ಲ, ನಾವು ಅದನ್ನ ನೋಡಿ ಹೊಟ್ಟೆ ಉರ್ಕೊಳ್ಳೋದು.

ಕೆಲವು ಆಟಗಳು ಯಂತ್ರಕ್ಕೇ ನೆನಪು ಇಟ್ಟುಬಿಟ್ಟಿವೆ. ಡೋಟಾ 2ರಲ್ಲಿ 25 ಪರ್ಸೆಂಟ್ ಅಂತ ಬರೆದಿರೋ ಎಷ್ಟೋ ಎಫೆಕ್ಟ್‌ಗಳು ನಿಜವಾಗಿ ಮೊದಲ ಏಟಿಗೆ ಸುಮಾರು ಎಂಟೂವರೆ ಪರ್ಸೆಂಟಿಂದ ಶುರು, ಆಗ್ಲಿಲ್ಲ ಅಂದ್ರೆ ಮುಂದಿನ ಏಟಿಗೆ ಹದಿನೇಳು, ಹಿಂಗೆ ಏರ್ತಾ ಹೋಗಿ ಆದ ತಕ್ಷಣ ಮತ್ತೆ ಕೆಳಗೆ. ಗೆನ್‌ಶಿನ್ ಇಂಪ್ಯಾಕ್ಟಲ್ಲಿ ಐದು ಸ್ಟಾರ್ ಕ್ಯಾರೆಕ್ಟರ್ ಚಾನ್ಸ್ 0.6 ಪರ್ಸೆಂಟ್, ಬರೀ ಅಷ್ಟೇ ಆಗಿದ್ರೆ ಸರಾಸರಿ 167 ಸಲ ಲಾಟರಿ ಥರ ಎಳೀಬೇಕಿತ್ತು, ಆದ್ರೆ 90ನೇ ಸಲ ಗ್ಯಾರಂಟಿ ಅಂತ ಇಟ್ಟಿದಾರೆ, ಎಲ್ಲಾ ಸೇರಿಸಿ ಅವರೇ ಕೊಟ್ಟಿರೋ ಲೆಕ್ಕ 1.6 ಪರ್ಸೆಂಟ್, ಅಂದ್ರೆ ಸರಾಸರಿ 62-63. ದಯೆ ಅಂತೂ ಅಲ್ಲ ಅದು, ಎಂಬತ್ತು ಸಲ ಎಳೆದವನು ಇನ್ನು ಹತ್ತೇ ತಾನೆ ಅಂತ ಯುಪಿಐ ತೆಗೀತಾನೆ. ಅದಿರ್ಲಿ.

ನನಗೆ ನಿಜವಾಗಿ ಉರಿದಿದ್ದು ಡ್ರಾಪ್ ವಿಷಯಕ್ಕಲ್ಲ, ಹಂಚೋ ವಿಷಯಕ್ಕೆ. ಶುರುವಿನಲ್ಲಿ ನಮ್ಮ ಗಿಲ್ಡಲ್ಲಿ ಐಟಂ ಬಿದ್ರೆ ಬೇಕಾದೋರು ರೋಲ್ ಹೊಡೀಬೇಕು, ಒಂದರಿಂದ ನೂರರ ಒಳಗೆ ಒಂದು ನಂಬರ್ ಬರತ್ತೆ, ಜಾಸ್ತಿ ಬಂದೋರಿಗೆ ಐಟಂ. ನ್ಯಾಯವಾಗೇ ಕಾಣತ್ತೆ ಅಲ್ವಾ? ನಾವು ಆರು ಜನ ವಾರಿಯರ್ಸ್. ಹತ್ತು ಐಟಂ ಬಿತ್ತು. ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಮೂರು, ಮಿಕ್ಕ ಮೂವರಿಗೆ ಒಂದೊಂದು, ನನಗೆ ಸೊನ್ನೆ. ನನ್ನ ರೋಲ್‌ಗಳು ಇನ್ನೂ ನೆನಪಿದೆ, ಒಂದ್ಸಲ 97 ಬಂದು ಕುರ್ಚಿ ಬಿಟ್ಟು ಎದ್ದುನಿಂತೆ, ಎರಡು ಸೆಕೆಂಡ್ ಆದ್ಮೇಲೆ ನಾಲ್ಕು ತಗೊಂಡಿದ್ದ ಅದೇ ಪುಣ್ಯಾತ್ಮನಿಗೆ 99. ಗಿಲ್ಡ್ ನಡೆಸೋ ಆಫೀಸರ್ ಒಬ್ಬ "ಲಕ್ ಈವನ್ ಔಟ್ ಆಗತ್ತೆ ಬ್ರೋ" ಅಂದ. ಎಲ್ಲಿಂದ ಆಗತ್ತೆ? ಒಬ್ಬನಿಗೆ ಹತ್ತರಲ್ಲಿ ಒಂದೂ ಸಿಗದೇ ಇರೋ ಚಾನ್ಸ್, ಆರರಲ್ಲಿ ಐದನ್ನ ಹತ್ತು ಸಲ ಗುಣಿಸಿ, 16 ಪರ್ಸೆಂಟ್. ಆರು ಜನ ಇದ್ದೀವಿ, ಆರರಿಂದ ಗುಣಿಸಿದ್ರೆ 0.97. ಅಂದ್ರೆ ಆರು ಜನ ಹತ್ತು ಐಟಂಗೆ ರೋಲ್ ಹೊಡೆದ್ರೆ ಸರಾಸರಿ ಒಬ್ಬ ಬರಿಗೈಲಿ ಮನೆಗೆ ಹೋಗ್ತಾನೆ. ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ರೇನೇ ಒಬ್ಬ ಬಲಿ, ಈ ಸಲ ಅದು ನಾನು, ಅಷ್ಟೆ. ಈ ಲೆಕ್ಕನ ಚಾಟಲ್ಲಿ ಹಾಕಿದ್ದಕ್ಕೆ "ಸಾಲ್ಟಿ" ಅಂದ್ರು, ಸೋತಿದ್ದಕ್ಕೆ ಹೊಟ್ಟೆಕಿಚ್ಚು ಅಂತ.

ಆಮೇಲೆ ಡಿಕೆಪಿಗೆ ಬಂದ್ವಿ. ಡ್ರ್ಯಾಗನ್ ಕಿಲ್ ಪಾಯಿಂಟ್ಸ್, 1999ರಲ್ಲಿ ಎವರ್‌ಕ್ವೆಸ್ಟ್ ಆಟದಲ್ಲಿ ಆಫ್ಟರ್‌ಲೈಫ್ ಅನ್ನೋ ಗಿಲ್ಡ್‌ನವರು ಶುರು ಮಾಡಿದ್ದು, ನಾಗಫೆನ್, ವಾಕ್ಸ್ ಅಂತ ಎರಡು ಡ್ರ್ಯಾಗನ್ ಇತ್ತು, ಹೆಸರು ಅಲ್ಲಿಂದ. ರೇಡಿಗೆ ಬಂದ್ರೆ ಪಾಯಿಂಟ್ಸ್ ಸಿಗತ್ತೆ, ಐಟಂ ಬೇಕಾದ್ರೆ ಆ ಪಾಯಿಂಟ್ಸಲ್ಲಿ ಕೂಗ್ಬೇಕು. ಗೆಡ್ಡನ್ ಇಟ್ಕೊಳ್ಳದೇ ಇರೋ ಪುಸ್ತಕನ ನಾವೇ ಒಂದು ಎಕ್ಸೆಲ್ ಶೀಟಲ್ಲಿ ಇಟ್ಕೊಂಡ ಹಂಗೆ.

ಮೊದಲ ವರ್ಷನ್ ದರಿದ್ರವಾಗಿತ್ತು. 40 ಜನಕ್ಕೆ ತಲಾ ನೂರು ಪಾಯಿಂಟ್, ವಾರಕ್ಕೆ ನಾಲ್ಕು ಸಾವಿರ ಹೊಸ ಪಾಯಿಂಟ್ ಹುಟ್ಟತ್ತೆ, ಐಟಂಗೆ ಖರ್ಚಾಗೋದು ಅದರ ಅರ್ಧಾನೂ ಇಲ್ಲ. ನೋಟು ಪ್ರಿಂಟ್ ಮಾಡ್ತಾ ಹೋದ್ರೆ ಏನಾಗತ್ತೋ ಅದೇ ಆಯ್ತು, ಹಳಬರ ಹತ್ರ ರಾಶಿ ರಾಶಿ, ಹೊಸದಾಗಿ ಬಂದ ಹೀಲರ್ (ಗಾಯ ವಾಸಿ ಮಾಡೋನು) ಎರಡು ತಿಂಗಳು ದುಡಿದ್ರೂ ಒಂದು ಬೂಟಿಗೂ ಗತಿ ಇಲ್ಲ. ಅದಕ್ಕೆ ನಾನು ಕೊಟ್ಟ ಐಡಿಯಾ ಡಿಕೇ, ಪ್ರತಿ ವಾರ ಎಲ್ಲರ ಖಾತೆಯಿಂದ ಹತ್ತು ಪರ್ಸೆಂಟ್ ಕರಗಿಸೋದು. ನೂರು, ಅದಕ್ಕೆ ತೊಂಬತ್ತು, ಎಂಬತ್ತೊಂದು ಅಂತ ಕೂಡಿಸ್ತಾ ಹೋದ್ರೆ ಎಷ್ಟು ವರ್ಷ ಕೂತ್ರೂ 1,000 ದಾಟಲ್ಲ. ಹತ್ತನೇ ಕ್ಲಾಸಿನ ಗುಣೋತ್ತರ ಶ್ರೇಢಿ, ಪರೀಕ್ಷೆಲಿ ಬರೆದು ಮರ್ತಿದ್ದು, ಜೀವನದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು, ಅದೂ ಬೆಂಕಿ ಗುಹೇಲಿ. ಹಳಬರು ಒಪ್ಪಲಿಲ್ಲ. ಪಿಎಫ್ ಕಿತ್ಕೊಂಡ ಹಂಗೆ ಆಡಿದ್ರು.

ಈ ಜಗಳ ನಡೀತಿರೋ ಹೊತ್ತಲ್ಲೇ ಒಂದು ಭಾನುವಾರ ನಮ್ಮ ಚಿಕ್ಕಮ್ಮ ಹಾಲ್‌ನಲ್ಲಿ ಕೂತ್ಕೊಂಡು ಫೋನ್ ಸ್ಪೀಕರ್‌ಗೆ ಹಾಕಿ ಚೀಟಿ ನಡೆಸ್ತಿದ್ರು. ಮಾಮೂಲಿ ದಿನದಲ್ಲಿ ಇಪ್ಪತ್ತು ಜನ ಅವರ ಮನೆ ಜಗಲಿ ಮೇಲೆ ಸೇರ್ತಿದ್ರು, ಲಾಕ್‌ಡೌನ್ ಅಲ್ವಾ, ಎಲ್ಲಾ ಫೋನಲ್ಲೇ. ಮೊಣಕಾಲ ಮೇಲೆ ಕೆಂಪು ರಟ್ಟಿನ ಉದ್ದನೆ ಲೆಕ್ಕದ ಪುಸ್ತಕ, ಕಿವಿಗೆ ಸಿಗಿಸಿದ ರೀಫಿಲ್ ಪೆನ್ನು, ಒಂದು ಕೈಲಿ ಹುರುಳಿಕಾಯಿ ನಾರು ತೆಗೀತಾನೇ "ಹದಿನೇಳು ಸಾವಿರ, ಯಾರಾದ್ರೂ ಮೇಲೆ ಹೋಗ್ತೀರಾ? ಹದಿನೆಂಟು, ಒಂದು ಸಲ, ಎರಡು ಸಲ" ಅಂತಿದಾರೆ. ನಾನು ಕಾಫಿ ಲೋಟ ಹಿಡ್ಕೊಂಡು ಹಂಗೇ ನಿಂತ್ಬಿಟ್ಟೆ.

ಇಪ್ಪತ್ತು ಜನ, ತಿಂಗಳಿಗೆ ಐದು ಸಾವಿರ, ಒಟ್ಟು ಒಂದು ಲಕ್ಷ. ಈ ತಿಂಗಳು ತುರ್ತು ಇರೋರು ಹದಿನೆಂಟು ಸಾವಿರ ಬಿಟ್ಟು 82,000 ಎತ್ಕೊಂಡ್ರು. ಬಿಟ್ಟಿದ್ದರಲ್ಲಿ ಐದು ಸಾವಿರ ನಡೆಸೋರ ಕಮಿಷನ್, ಉಳಿದ 13,000 ಇಪ್ಪತ್ತು ಜನಕ್ಕೆ ಹಂಚಿದ್ರೆ ತಲಾ 650, ಈ ತಿಂಗಳು ಎಲ್ಲರೂ ಕಟ್ಟೋದು 4,350. ಅಂದ್ರೆ ಅವಸರ ಇರೋನು ತನ್ನ ಅವಸರದ ಬೆಲೆನ ಕಾಯ್ತಾ ಇರೋರಿಗೆ ಕೊಡ್ತಾನೆ. ಹೊಸ ದುಡ್ಡು ಎಲ್ಲೂ ಹುಟ್ಟಲ್ಲ. ಇದನ್ನೇ ಗಿಲ್ಡ್ ಜನ ಝೀರೋ ಸಮ್ ಡಿಕೆಪಿ ಅಂತಾರೆ, ಐಟಂ 78 ಪಾಯಿಂಟಿಗೆ ಹೋದ್ರೆ ತಗೊಂಡವನಿಗೆ 78 ಮೈನಸ್, ಉಳಿದ 39 ಜನಕ್ಕೆ ತಲಾ ಎರಡು ಪ್ಲಸ್, ಕೂಡಿಸಿದ್ರೆ ಸೊನ್ನೆ. ಹಣದುಬ್ಬರದ ಮಾತೇ ಇಲ್ಲ. ಕಮಿಷನ್ ಒಂದು ಇಲ್ಲ ಬಿಡಿ, ರಿಜಿಸ್ಟರ್ಡ್ ಚಿಟ್ ಫಂಡಲ್ಲಿ ಅದು ಮೊದಲು ಗರಿಷ್ಠ 5 ಪರ್ಸೆಂಟ್ ಇತ್ತು, 2019ರ ತಿದ್ದುಪಡಿ ಆದ್ಮೇಲೆ 7. ನಮ್ಮ ಗಿಲ್ಡ್ ಮಾಸ್ಟರ್‌ಗೆ ಇದು ಹೇಳ್ಲಿಲ್ಲ, ತಲೆಗೆ ಹೊಳೆದ್ರೆ ಕಷ್ಟ.

ಕೂಗೋದ್ರಲ್ಲೂ ಎರಡೂ ಕಡೆ ಒಂದೇ ನಾಟಕ. ವಿಲಿಯಂ ವಿಕ್ರಿ ಅನ್ನೋ ಎಕನಾಮಿಸ್ಟ್ 1961ರಲ್ಲೇ ತೋರಿಸಿದ್ದ, ಎಲ್ಲರೂ ಗುಟ್ಟಾಗಿ ಬರೆದು ಕೊಡ್ಲಿ, ಜಾಸ್ತಿ ಬರೆದವನು ಗೆಲ್ಲಲಿ, ಆದ್ರೆ ಎರಡನೆಯವನು ಬರೆದಷ್ಟೇ ಕಟ್ಲಿ, ಆಗ ಸುಳ್ಳು ಹೇಳಿ ಯಾರಿಗೂ ಲಾಭ ಇಲ್ಲ ಅಂತ. 1996ರಲ್ಲಿ ನೊಬೆಲ್ ಕೊಟ್ರು, ಪಾಪ ಅನೌನ್ಸ್ ಆಗಿ ಮೂರೇ ದಿನಕ್ಕೆ ತೀರ್ಕೊಂಡ. ನಾವು ಅದನ್ನೂ ಟ್ರೈ ಮಾಡಿದ್ವಿ, ಎರಡು ವಾರ ಚೆನ್ನಾಗಿತ್ತು, ಮೂರನೇ ವಾರಕ್ಕೆ ವಾರಿಯರ್‌ಗಳೆಲ್ಲ ಒಳಗೊಳಗೇ ಮಾತಾಡ್ಕೊಂಡು "ಇವತ್ತು ನೀನು ತಗೋ, ಮುಂದಿನ ವಾರ ನಾನು" ಅಂತ ಒಬ್ಬನೇ ಕೂಗೋದು, ಮಿಕ್ಕೋರು ಸುಮ್ನಿರೋದು, ಐಟಂ ಒಂದು ಪಾಯಿಂಟಿಗೆ ಹೋಗೋದು. ನಾನೂ ಅದ್ರಲ್ಲಿ ಇದ್ದೆ, ಮುಚ್ಚಿಡೋದೇನು. ಚಿಕ್ಕಮ್ಮನ್ನ ಕೇಳಿದೆ ನಿಮ್ಮಲ್ಲಿ ಹಿಂಗೆ ಆಗಲ್ವಾ ಅಂತ, "ಅದಕ್ಕೇ ಕಣೋ ಅಕ್ಕ ತಂಗಿ ಇಬ್ಬರನ್ನೂ ಒಂದೇ ಚೀಟಿಗೆ ಸೇರಿಸ್ಕೊಳಲ್ಲ ನಾನು" ಅಂದ್ರು.

ಕೊನೆಗೆ ಝೀರೋ ಸಮ್‌ಗೆ ಬಂದ್ವಿ, ಎರಡು ವಾರ ಶಾಂತಿ. ಮೂವತ್ತೊಂದನೇ ವಾರ ಗೆಡ್ಡನ್ ಬಿದ್ದ, ರೇಡ್ ಲೀಡರ್ ಹೆಣದ ಮೇಲೆ ಕ್ಲಿಕ್ ಮಾಡಿದ, ಹೆಡ್‌ಸೆಟಲ್ಲಿ ಒಂದೆರಡು ಸೆಕೆಂಡ್ ಉಸಿರೂ ಇಲ್ಲ, ಆಮೇಲೆ 40 ಜನ ಒಟ್ಟಿಗೆ ಕಿರುಚಿದ್ರು. ಬೈಂಡಿಂಗ್! ನಾನೂ ಕಿರುಚಿದ್ದಕ್ಕೆ ಅಮ್ಮ ಓಡಿ ಬಂದ್ರು.

ಆಮೇಲೆ ನೆನಪಾಯ್ತು. ಮೂರನೇ ವಾರ ಗಾರ್ ಬೈಂಡಿಂಗ್ ಕೊಟ್ಟಿದ್ದು ನಮ್ಮ ಮೇನ್ ಟ್ಯಾಂಕಿಗೆ (ಬಾಸ್ ಎದುರು ನಿಂತು ಏಟು ತಿನ್ನೋನು), ಅವನು ಎರಡು ವಾರದ ಹಿಂದೆ ಡಿಕೆಪಿ ಜಗಳದಲ್ಲೇ ಸಿಟ್ಟು ಮಾಡ್ಕೊಂಡು ಗಿಲ್ಡ್ ಬಿಟ್ಟು ಹೋಗಿದ್ದ. ಅದು ಅವನ ಜೊತೆನೇ ಹೋಯ್ತು. ಗೆಡ್ಡನ್ ಬೈಂಡಿಂಗ್ ಬೇರೆ ಟ್ಯಾಂಕಿಗೆ ಕೊಟ್ವಿ, ಅವನಿಗೆ ಗಾರ್ ಹತ್ರ ಸೊನ್ನೆಯಿಂದ ಶುರು, ಸರಾಸರಿ ಇನ್ನೂ 25 ವಾರ.

ಬೆಳಗ್ಗೆ ತಿಂಡಿ ತಿಂತಾ ಚಿಕ್ಕಮ್ಮನಿಗೆ ಹೇಳಿದೆ. ಕತ್ತಿ, ಗುಹೆ, ಬಾಸ್ ಏನೂ ಅರ್ಥ ಆಗ್ಲಿಲ್ಲ ಅವರಿಗೆ. ದೋಸೆ ಮಗುಚಿ ಹಾಕ್ತಾ ಒಂದೇ ಕೇಳಿದ್ರು.

"ಮೂರನೇ ತಿಂಗಳಿಗೇ ಎತ್ತಿಸಿಬಿಟ್ರಾ ಅವನಿಗೆ? ಜಾಮೀನು ಯಾರದು?"