ಕಂಡಿ ಇಳಿಸಿದ ಜಾಗ

ಕೇದಾರಕ್ಕೆ ಹೋಗಬೇಕು ಅನ್ನೋದು ಅವ್ವನ ಹಳೇ ಹರಕೆ. ತೀರಿಸೋ ಹೊತ್ತಿಗೆ ಮೊಣಕಾಲು ಹೋಗಿತ್ತು. ನಡಿಗೆ ಶುರುವಾಗೋ ಗೌರಿಕುಂಡದಲ್ಲಿ ಕುದುರೆ ತೋರಿಸಿದರೆ ಹತ್ತಲ್ಲ ಅಂದಳು, ಸರಿ, ಕಂಡಿ ಮಾಡಿದೆವು. ಕಂಡಿ ಅಂದ್ರೆ ಬೆನ್ನ ಮೇಲೆ ಹೊರೋ ಬುಟ್ಟಿ. ಹೊತ್ತವನ ಬೆನ್ನಿಗೆ ನಿಮ್ಮ ಬೆನ್ನು, ನಿಮ್ಮ ಮುಖ ಹಿಂದಕ್ಕೆ, ಭಾರವೆಲ್ಲ ಅವನ ಹಣೆಗೆ ಬಿಗಿದ ಪಟ್ಟಿಯ ಮೇಲೆ. ಹಾಗಾಗಿ ಅವ್ವ ದೇವರ ಕಡೆ ಹೋಗ್ತಾ ಇದ್ದರೂ ದಾರಿಯುದ್ದಕ್ಕೂ ನೋಡಿದ್ದು ಬಿಟ್ಟುಬಂದ ದಾರಿಯನ್ನೇ.

ಹೊತ್ತವನು ನೇಪಾಳದ ಕಡೆಯ ಹುಡುಗ. ಮಾತು ಕಡಿಮೆ. ರಾಮ್‌ಬಾಡಾ ಹತ್ತಿರ ಬಂದಾಗ ಬುಟ್ಟಿ ಇಳಿಸಿದ, ಜೇಬಿನಿಂದ ಒಂದು ಬೀಡಿ ತೆಗೆದು ಹಚ್ಚಿದ. ಸೇದಲಿಲ್ಲ. ಕಲ್ಲಿನ ಸಂದಿಯಲ್ಲಿಟ್ಟು, ಅದು ಉರಿದು ಮುಗಿಯೋವರೆಗೆ ಸುಮ್ನೆ ಕೂತ.

ಚಿಕ್ಕಪ್ಪನಿಗೆ ಅಂತೆ. ಅವನೂ ಕಂಡಿ ಹೊರುತ್ತಿದ್ದವನೇ. 2013ರ ಜೂನ್ 16ರ ರಾತ್ರಿ ಮಂದಾಕಿನಿ ಹೊಳೆ ಏರಿ ಬಂದಾಗ ಯಾತ್ರಿಕರನ್ನು ಕತ್ತಲಲ್ಲಿ ಕೈಹಿಡಿದು ಮೇಲಿನ ಕಾಡಿಗೆ ಹತ್ತಿಸಿದ, ಇನ್ನೂ ಇಬ್ಬರು ಕೆಳಗಿದ್ದಾರೆ ಅಂತ ಮತ್ತೆ ಇಳಿದ. ಅಷ್ಟೇ ಕಥೆ. ಅದಕ್ಕಿಂತ ಜಾಸ್ತಿ ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಂಗಡಿ, ಛತ್ರ, ಚಹಾದ ಒಲೆ ಎಲ್ಲ ಇದ್ದ ರಾಮ್‌ಬಾಡಾ ಆವತ್ತು ಅಳಿಸಿಹೋಯಿತು. ಮರುದಿನ ಬೆಳಿಗ್ಗೆ ಮೇಲಿನ ಚೋರಾಬಾರಿ ಕೆರೆ ಒಡೆದು ಕೇದಾರದ ಮೇಲೇ ಬಂತು. ಗುಡಿಯ ಹಿಂದೆ ಒಂದು ದೊಡ್ಡ ಬಂಡೆ ಉರುಳಿ ಬಂದು ನಿಂತು, ನೀರು ಎರಡು ಕವಲಾಗಿ ಹೋಯಿತು. ಅದನ್ನೀಗ ಭೀಮಶಿಲೆ ಅಂತಾರೆ, ಕೈಮುಗೀತಾರೆ, ಫೋಟೋ ತೆಗೆಸಿಕೊಳ್ತಾರೆ. ನಾವೂ ತೆಗೆಸಿಕೊಂಡೆವು, ಸುಳ್ಳು ಯಾಕೆ ಹೇಳಲಿ.

ಆದರೆ ನನಗೆ ಅಲ್ಲಿ ಒಂದು ತಳಮಳ. ಸ್ಥಾವರ ಅಳಿಯುತ್ತೆ, ಜಂಗಮ ಉಳಿಯುತ್ತೆ ಅಂತ ಕೇಳ್ತಾ ಬೆಳೆದ ಮನೆ ನಮ್ಮದು. ಕೇದಾರದ ರಾವಲ್, ಅಂದ್ರೆ ಮುಖ್ಯ ಅರ್ಚಕರ, ಪರಂಪರೆಯೂ ವೀರಶೈವ ಜಂಗಮರದ್ದೇ. ಇಲ್ಲಿ ಮಾತ್ರ ಲೆಕ್ಕ ತಿರುಗಿಬಿದ್ದಿದೆ ಅಲ್ವಾ? ಕಲ್ಲಿನ ಗುಡಿ ಗಟ್ಟಿಯಾಗಿ ನಿಂತಿದೆ. ಕೊಚ್ಚಿಹೋದವರು ನಡೆಯುವವರು: ಯಾತ್ರಿಕರು, ಕಂಡಿಯವರು, ಕುದುರೆಯವರು, ರಜೆಯಲ್ಲಿ ನಾಲ್ಕು ಕಾಸು ದುಡಿಯೋಣ ಅಂತ ಊಖೀಮಠದ ಸುತ್ತಲಿನ ಹಳ್ಳಿಗಳಿಂದ ಬಂದ ಶಾಲೆ ಹುಡುಗರು. ಆಮೇಲೆ ಉಳಿದವರನ್ನು ಕರೆತರೋಕೆ ಬಂದವರೂ ಹೋದರು. ಜೂನ್ 25ರಂದು ಕೇದಾರದಿಂದ ವಾಪಸ್ ಬರ್ತಿದ್ದ ವಾಯುಪಡೆಯ ಹೆಲಿಕಾಪ್ಟರ್ ಗೌರಿಕುಂಡದ ಹತ್ತಿರ ಬಿತ್ತು. ಅದರಲ್ಲಿದ್ದ 20 ಜನರೂ ತೀರಿಕೊಂಡರು. ವಾಯುಪಡೆಯವರು, ವಿಪತ್ತು ಪರಿಹಾರ ಪಡೆ ಎನ್‌ಡಿಆರ್‌ಎಫ್‌ನವರು, ಗಡಿ ಪೊಲೀಸ್ ಪಡೆ ಐಟಿಬಿಪಿಯವರು. ಯಾರೂ ಹರಕೆ ಹೊತ್ತು ಬಂದವರಲ್ಲ.

ಗರ್ಭಗುಡಿಯಲ್ಲಿ ಶಿವನಿಗೆ ತುಪ್ಪ ಸವರೋದು ಅಲ್ಲಿನ ಪದ್ಧತಿ. ಅವ್ವ ಊರಿಂದಲೇ ಸಣ್ಣ ಡಬ್ಬಿಯಲ್ಲಿ ತುಪ್ಪ ತಂದಿದ್ದಳು. ಸವರಿ, ಹಣೆ ಹಚ್ಚಿ, ಏನೋ ಗೊಣಗಿ ಹೊರಗೆ ಬಂದಳು. ಏನು ಬೇಡಿಕೊಂಡೆ ಅಂದರೆ, "ಇಳಿದು ಹೋದವನನ್ನ ಕೇಳಿದೆ, ಎಲ್ಲಿಟ್ಟೀಯಪ್ಪಾ ಅಂತ" ಅಂದಳು. ಹರಕೆಯ ಮಾತೇ ಎತ್ತಲಿಲ್ಲ.

ಹುಡುಗ ಹೊರಗೆ ಬಿಸಿಲಿಗೆ ಕೂತಿದ್ದ. ಪಟ್ಟಿ ಬಿಚ್ಚಿದ್ದರಿಂದ ಹಣೆ ಮೇಲೆ ಅಡ್ಡಕ್ಕೆ ಒಂದು ಗುರುತು, ವಿಭೂತಿ ಎಳೆದ ಹಾಗೆ, ಆದರೆ ಕೆಂಪಗೆ. ಅವ್ವ ಡಬ್ಬಿಯ ತಳದಲ್ಲಿ ಉಳಿದಿದ್ದ ತುಪ್ಪವನ್ನು ಬೆರಳಲ್ಲಿ ಬಳಿದು ಆ ಗೆರೆಗೆ ಹಚ್ಚೋಕೆ ಹೋದಳು.

ಅವನು ನಕ್ಕು ತಲೆ ಹಿಂದಕ್ಕೆ ತಗೊಂಡ. "ಈಗ ಬೇಡ ಮಾತಾಜಿ, ಪಟ್ಟಿ ಜಾರುತ್ತೆ. ಕೆಳಗಿಳಿದ ಮೇಲೆ ಹಚ್ಚಿ."

ಅವ್ವ ಡಬ್ಬಿ ಮುಚ್ಚಿ ಸೆರಗಿಗೆ ಕಟ್ಟಿಕೊಂಡಳು.