ಮುಖವಾಡ ತೆಗೆದ ಹೀರೊನನ್ನು ದಕ್ಕೆಯ ಗುಂಪಿನಲ್ಲಿ ಬಿಡಿಸುವುದು

ಸೂಪರ್‌ಹೀರೊ ಮುಖವಾಡ ಕಳಚಿಟ್ಟು ಗೂಢಚಾರನಾದರೆ ಕಥೆ ಬರೆಯುವವರಿಗಿಂತ ಚಿತ್ರ ಬಿಡಿಸುವವರಿಗೆ ಕಷ್ಟ ಜಾಸ್ತಿ. ಬಣ್ಣದ ದಿರಿಸು, ಎದೆಯ ಮೇಲಿನ ಚಿಹ್ನೆ ಇರುವಷ್ಟು ಕಾಲ ಓದುಗರು ಅವನನ್ನು ಹುಡುಕಬೇಕಾಗಿಲ್ಲ. ಈಗ ಅವನು ಜನರ ನಡುವೆ ಕರಗಬೇಕು. ಕಥೆಯೊಳಗಿನ ಶತ್ರುವಿಗೆ ಕಾಣಬಾರದು, ಪುಟ ತಿರುಗಿಸಿದವರಿಗೆ ಮಾತ್ರ ಮೊದಲ ನೋಟಕ್ಕೇ ಸಿಗಬೇಕು.

ಅಮೆರಿಕದ ಕಾಮಿಕ್ಸ್ ಪ್ರಕಾಶನ ಡಿಸಿಯ ‘ಗ್ರೇಸನ್’ ಎಂಬ ಕಾಮಿಕ್ಸ್ ಸರಣಿ (2014–2016, 20 ಸಂಚಿಕೆ) ಇದನ್ನು ಬಿಡಿಸಿದ ರೀತಿ ಗಮನಿಸಬೇಕು. 1940ರಲ್ಲಿ ಬ್ಯಾಟ್‌ಮ್ಯಾನ್ ಜೊತೆ ರಾಬಿನ್ ಆಗಿ ಬಂದ ಡಿಕ್ ಗ್ರೇಸನ್ ಮುಂದೆ ನೈಟ್‌ವಿಂಗ್ ಆದ. ಖಳರು ಜಗತ್ತಿನೆದುರು ಅವನ ಗುರುತು ಬಯಲು ಮಾಡಿದ ಮೇಲೆ, ಸತ್ತನೆಂದು ಎಲ್ಲರೂ ನಂಬಿರುವಾಗ, ಬ್ಯಾಟ್‌ಮ್ಯಾನ್ ಹೇಳಿದಂತೆ ಸ್ಪೈರಲ್ ಎಂಬ ಗೂಢಚಾರ ಸಂಸ್ಥೆಯೊಳಗೆ ‘ಏಜೆಂಟ್ 37’ ಆಗಿ ಸೇರುತ್ತಾನೆ. ಬರೆದವರು ಟಿಮ್ ಸೀಲಿ ಮತ್ತು ಟಾಮ್ ಕಿಂಗ್. ಕಿಂಗ್ ಹಿಂದೆ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಯಲ್ಲಿ ಇದ್ದವರು. ಮುಖ ಮರೆಸಲು ಕಥೆಯಲ್ಲಿ ‘ಹಿಪ್ನೋಸ್’ ಎಂಬ ತಂತ್ರಜ್ಞಾನವಿದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಚಿತ್ರಕಾರ ಮಿಕೆಲ್ ಹನೀನ್ ಮಾಡಿದ ಕೆಲಸ. ಗ್ರೇಸನ್ ಸರ್ಕಸ್ಸಿನಲ್ಲಿ ಬೆಳೆದವ. ಕೋಟು ಹಾಕಿದರೂ ಅವನು ಜಿಗಿಯುವುದು, ಬೀಳುವುದು ತೂಗುಯ್ಯಾಲೆಯವನ ಹಾಗೆಯೇ.

ಯಕ್ಷಗಾನದ ನೆಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಚೌಕಿಯಲ್ಲಿ (ವೇಷ ಕಟ್ಟುವ ಕೋಣೆ) ವೇಷ ಕಳಚಿ ಹೊರಬಂದ ಕಲಾವಿದರನ್ನೂ ನಡಿಗೆಯಿಂದ ಗುರುತಿಸುವವರಿದ್ದಾರೆ. ಹಾಗಾಗಿ ಮುಖ ಬಿಡಿಸುವ ಮೊದಲು ನಾಯಕನಿಗೆ ಮೂರು ದೇಹದ ಅಭ್ಯಾಸ ಕೊಡಿ. ನಿಂತಾಗ ಭಾರ ಮುಂಗಾಲಿನ ಮೇಲೆ, ಒಳಗೆ ಬಂದ ಕೂಡಲೇ ಕಣ್ಣು ಮೇಲಿನ ಜಂತಿಗೆ, ಕೈ ಎಂದೂ ಜೇಬಿನಲ್ಲಿಲ್ಲ. ಮೂರಕ್ಕಿಂತ ಹೆಚ್ಚಾದರೆ ಓದುಗರ ನೆನಪಿನಲ್ಲಿ ನಿಲ್ಲುವುದಿಲ್ಲ. ಆಮೇಲೆ ನಾಯಕನೂ ಸೇರಿ ಕಥೆಯ ಐದು ಪಾತ್ರಗಳನ್ನು 3 ಸೆಂ.ಮೀ. ಎತ್ತರದಲ್ಲಿ, ಪೂರ್ತಿ ಕಪ್ಪು ನೆರಳಾಗಿ, ಸಾಲಾಗಿ ಬಿಡಿಸಿ. ಕಥೆ ಗೊತ್ತಿಲ್ಲದ ಯಾರಿಗಾದರೂ ನಾಯಕನ ಅಭ್ಯಾಸ ಹೇಳಿ, ಬೆರಳಿಟ್ಟು ತೋರಿಸಲು ಕೇಳಿ. ತಡವರಿಸಿದರೆ ಬದಲಿಸಬೇಕಾದ್ದು ನಿಲುವನ್ನು. ಹೆಚ್ಚಿನವರು ಇಲ್ಲಿ ಹಣೆಗೊಂದು ಗಾಯದ ಗುರುತು ಹಾಕಿ ಕೈತೊಳೆದುಕೊಳ್ಳುತ್ತಾರೆ. ದೂರದಿಂದ ತೋರಿಸುವ ಪ್ಯಾನೆಲಿನಲ್ಲಿ (ಪುಟದ ಒಂದು ಚಿತ್ರಚೌಕಟ್ಟು) ಅದು ಕಾಣುವುದೇ ಇಲ್ಲ.

ಮಂಗಳೂರಿನಲ್ಲಿ ಇದಕ್ಕೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣ ಒಳ್ಳೆಯ ಜಾಗ. ಹೊರಟ ಬಸ್ಸಿಗೆ ಎಲ್ಲರೂ ಕಂಬಿ ಹಿಡಿದು ಎಳೆದುಕೊಂಡು ಹತ್ತುತ್ತಾರೆ. ಅವನೊಬ್ಬ ಏನೂ ಹಿಡಿಯದೆ ಹತ್ತುತ್ತಾನೆ. ಮಾತಿಲ್ಲದ ಒಂದು ಪ್ಯಾನೆಲ್ ಸಾಕು. ಅದನ್ನು ಶತ್ರುವೂ ಗಮನಿಸಿದನೆಂದರೆ ಕಥೆ ಅಲ್ಲಿಂದಲೇ ಓಡುತ್ತದೆ. ಮಾತಿನಲ್ಲೂ ಸಿಕ್ಕಿಬೀಳಬಹುದು: ಊರಿನವನೆಂದು ಹೇಳಿಕೊಂಡವನು ಕರಾವಳಿಯ ‘ಬರ್ತೇನೆ’ ಎನ್ನದೆ ‘ಬರ್ತೀನಿ’ ಅಂದರೆ ದಕ್ಕೆಯಲ್ಲಿ, ಅಂದರೆ ಮೀನಿನ ಬೋಟು ನಿಲ್ಲುವ ಬಂದರುಕಟ್ಟೆಯಲ್ಲಿ, ತಲೆಗಳು ತಿರುಗುತ್ತವೆ.

ದಕ್ಕೆಯ ದೃಶ್ಯಕ್ಕೆ ತಿಂಗಳು ನೋಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಜುಲೈ ಮಳೆಯಲ್ಲಿ ಟ್ರಾಲ್ ಬೋಟ್ ಮೀನು ಹೊತ್ತು ಬರುವಂತೆ ಬಿಡಿಸಿದರೆ ಮೀನುಗಾರಿಕಾ ಬಂದರಾದ ಮಲ್ಪೆಯ ಮಕ್ಕಳೂ ತಪ್ಪು ಹಿಡಿಯುತ್ತಾರೆ. ಬದಲಿಗೆ, ಒತ್ತೊತ್ತಾಗಿ ಕಟ್ಟಿದ ಖಾಲಿ ಬೋಟುಗಳು ಅಡಗಿಕೊಳ್ಳುವವನಿಗೆ ಒಂದರಿಂದ ಒಂದಕ್ಕೆ ದಾಟುವ ದಾರಿಯಾಗುತ್ತವೆ.

ಮಾತಿನ ಬಲೂನುಗಳನ್ನು ಪೆನ್ಸಿಲ್ ಹಂತದಲ್ಲೇ ಕೂರಿಸಿ. ಕನ್ನಡದ ಪದ ಉದ್ದ, ಒತ್ತಕ್ಷರ ಕೆಳಗಿಳಿಯುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಒಂದು ಬಲೂನಿಗೆ 12 ಪದ ದಾಟಿಸಬೇಡಿ. ಫೋಟೊಶಾಪಿನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಮೊದಲು ಯೂನಿಕೋಡ್ ಫಾಂಟ್ ಹೌದೋ ನೋಡಿ, ನಂತರ ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಹಾಕಿ.

ಗುಟ್ಟು ಬಯಲಾಗುವ ಚಿತ್ರ ಎಡಪುಟಕ್ಕೆ, ಅಂದರೆ ಸಮಸಂಖ್ಯೆಯ ಪುಟಕ್ಕೆ ಬರಲಿ. ಬಲಪುಟದಲ್ಲಿಟ್ಟರೆ ಎಡಪುಟ ಓದುವಾಗಲೇ ಕಣ್ಣಂಚಿಗೆ ಬಿದ್ದುಹೋಗುತ್ತದೆ. ಗೂಢಚಾರ ಕಥೆಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ, ಆದ್ದರಿಂದ ಪುಟಗಳ ಯೋಜನೆಯನ್ನು ಇದರಿಂದಲೇ ಶುರುಮಾಡಿ. ಪಿನ್ ಹೊಡೆಯುವ ಪುಸ್ತಕವಾದರೆ ಒಟ್ಟು ಪುಟ ನಾಲ್ಕರ ಗುಣಕ ಆಗಿರಬೇಕು.

ಕಾಗದದಲ್ಲಿ ಇಂಕ್ ಮಾಡುವವರಿಗೆ ನಮ್ಮ ಕರಾವಳಿಯ ಮಳೆಗಾಲ ದೊಡ್ಡ ತೊಂದರೆ. ತೇವ ಹೀರಿದ ಕಾಗದದಲ್ಲಿ ಗೆರೆಯ ಅಂಚು ಒಡೆಯುತ್ತದೆ, ಹಾಳೆ ಅಲೆಯಾಗಿ ಏಳುತ್ತದೆ. 200 ಜಿಎಸ್‌ಎಮ್‌ಗಿಂತ (ಚದರ ಮೀಟರಿಗೆ ಗ್ರಾಂ ಲೆಕ್ಕ) ದಪ್ಪದ ನುಣುಪು ಹಾಳೆ ತೆಗೆದುಕೊಂಡು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಇಂಕ್ ಮುಟ್ಟಿದರೆ ಒಣಗಿದಂತಿದ್ದರೂ ಪೆನ್ಸಿಲ್ ಗೆರೆ ಅಳಿಸುವುದು ಮರುದಿನವೇ. ಅವಸರ ಮಾಡಿದರೆ ಕಪ್ಪು ಎಳೆದುಕೊಂಡು ಬರುತ್ತದೆ. ಕಪ್ಪು-ಬಿಳಿ ಗೆರೆಯನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯ ಆಚೆಗೂ ಚಿತ್ರ ಚಾಚುವ ಅಂಚು, ಬಿಡಿ. ಬಣ್ಣದ ಪುಸ್ತಕದಲ್ಲಿ ರಾತ್ರಿಯ ದೊಡ್ಡ ಕತ್ತಲಿಗೆ ಬರೀ ಕಪ್ಪು ಇಂಕ್ ಕೊಟ್ಟರೆ ಮಾಸಲಾಗಿ ಕಾಣುತ್ತದೆ, ಸ್ವಲ್ಪ ನೀಲಿ ಬೆರೆಸಬೇಕು. ಅಕ್ಷರಕ್ಕೆ ಮಾತ್ರ ಬರೀ ಕಪ್ಪೇ ಇರಲಿ, ಇಲ್ಲದಿದ್ದರೆ ಮುದ್ರಣದ ಪ್ಲೇಟು ಕೂದಲೆಳೆ ಸರಿದರೂ ಒತ್ತಕ್ಷರಗಳ ಸುತ್ತ ಬಣ್ಣದ ಅಂಚು ಮೂಡುತ್ತದೆ.